ಹಾರುದೋಣಿಯ ಹೊಟ್ಟೆಯಡಿಯ ಸ್ಟೆಪ್ ಮುಚ್ಚಿಬಿಡಬಹುದೇ?

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ಮಗಳೂ ನಾನೂ ಸೇರಿ ಮೊದಲ ಮಹಾಯುದ್ಧದ ಫೆಲಿಕ್ಸ್‌ಸ್ಟೋ ಎಫ್.2ಎ ಹಾರುದೋಣಿಯ ರೇಡಿಯೋ ಕಂಟ್ರೋಲ್ ಮಾಡೆಲ್ ಕಟ್ಟಿದ್ದೇವೆ. ಹಾರುದೋಣಿ ಅಂದರೆ ನೀರಿನಿಂದಲೇ ಮೇಲೆದ್ದು ನೀರಿಗೇ ಇಳಿಯುವ ವಿಮಾನ. ಅದರ ದೋಣಿಯಂಥ ಹೊಟ್ಟೆಯಡಿ ಮೆಟ್ಟಿಲಿನಂಥ ಅಡ್ಡ ಅಂಚು ಇರುತ್ತದೆ, ಅದೇ ಸ್ಟೆಪ್. ಅಸಲಿನ ಹನ್ನೆರಡನೇ ಒಂದು ಅಳತೆ. ರೆಕ್ಕೆ 2.4 ಮೀಟರ್, ಬ್ಯಾಟರಿ ಸೇರಿ ತೂಕ 4.6 ಕಿಲೋ. ಕೆರೆಯಲ್ಲಿ ಬಿಟ್ಟರೆ ನೀರು ಬಿಟ್ಟು ಮೇಲೇಳುತ್ತಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟರೆ ಮೂತಿ ನೀರಿಗೆ ಚುಚ್ಚುತ್ತದೆ. ಹೇಗೋ ವೇಗ ಹಿಡಿದರೂ ಮೂತಿ ಮೇಲೆ ಕೆಳಗೆ ತೂಗುತ್ತಾ ಕುಪ್ಪಳಿಸಲು ಶುರು ಮಾಡುತ್ತದೆ. ವಿಮಾನದ ಮಾಡೆಲ್‌ಗಳಲ್ಲಿ ಪಳಗಿದ ಗೆಳೆಯರೊಬ್ಬರು, "ಹೊಟ್ಟೆಯಡಿಯ ಆ ಸ್ಟೆಪ್ ಹಳೇ ಕಾಲದ್ದು, ನೀರನ್ನು ತಡೆಯುತ್ತಿದೆ. ಪುಟ್ಟಿ ತುಂಬಿ ನುಣ್ಣಗೆ ಮಾಡಿ" ಅನ್ನುತ್ತಾರೆ. ಮಾಡಲೇ? ಇನ್ನೊಂದು: ಕಾಲೇಜಿನ ಪ್ರದರ್ಶನಕ್ಕೆ "ಹತ್ತಾರು ಜರ್ಮನ್ ಸಬ್‌ಮರೀನ್‌ಗಳನ್ನು ಮುಳುಗಿಸಿದ, ಎಂಥ ಸಮುದ್ರದಲ್ಲೂ ಇಳಿಯಬಲ್ಲ ವಿಮಾನ" ಅಂತ ಫಲಕ ಬರೆದಿದ್ದೇವೆ. ಸರಿಯಿದೆಯೇ? ಮೈಮೇಲಿನ ಪಟ್ಟೆ ಬಣ್ಣ ಶತ್ರುವಿನ ಕಣ್ಣಿಗೆ ಬೀಳದಿರಲಿ ಅಂತ ತಾನೇ?

ಉತ್ತರ: ಮೊದಲು ಪುಟ್ಟಿಯ ಡಬ್ಬಿ ಮುಚ್ಚಿಡಿ. ಆ ಸ್ಟೆಪ್ ತುಂಬಿದರೆ ನಿಮ್ಮ ಮಾಡೆಲ್ ಒಳ್ಳೆಯ ಸ್ಪೀಡ್‌ಬೋಟ್ ಆದೀತು, ಹಾರುವುದಂತೂ ಇಲ್ಲ. ನೀರಿನ ಟ್ಯಾಂಕಿನಲ್ಲಿ ದೋಣಿ ಹೊಟ್ಟೆಗಳನ್ನು ಎಳೆದು ಪರೀಕ್ಷಿಸುವುದೇ ನನ್ನ ಕೆಲಸ. ನಿಮ್ಮ ಗೆಳೆಯರ ಮಾತನ್ನು ಅಲ್ಲೂ ಎಷ್ಟೋ ಸಲ ಕೇಳಿದ್ದೇನೆ. ಗಾಳಿಯ ಲೆಕ್ಕದಲ್ಲಿ ಅವರ ಮಾತು ಸರಿ. ಸ್ಟೆಪ್ ಇದ್ದರೆ ಹಾರುವಾಗ ಸ್ವಲ್ಪ ಎಳೆತ ಜಾಸ್ತಿ. ಆದರೆ ಹಾರಬೇಕಾದರೆ ಮೊದಲು ನೀರು ಬಿಡಬೇಕಲ್ವಾ? ತೊಂದರೆ ಇರುವುದೇ ಅಲ್ಲಿ.

ಒಂದು ಚಮಚದ ಉಬ್ಬಿದ ಬೆನ್ನನ್ನು ನಲ್ಲಿಯ ನೀರಿಗೆ ತಾಗಿಸಿ ನೋಡಿ. ನೀರು ಚಮಚವನ್ನು ದೂರ ತಳ್ಳುವುದಿಲ್ಲ, ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಹಾರುದೋಣಿಯ ಹಿಂಭಾಗದಲ್ಲಿ ಆಗುವುದೂ ಇದೇ. ಬಾಲದ ಕಡೆಗೆ ಹೊಟ್ಟೆ ಮೇಲಕ್ಕೆ ಬಾಗಿರುತ್ತದೆ. ನೀರು ಆ ಬಾಗನ್ನೇ ಹಿಡಿದುಕೊಂಡು ಹರಿಯುತ್ತದೆ, ಬಾಲವನ್ನು ಕೆಳಕ್ಕೆ ಹೀರುತ್ತದೆ. ವೇಗ ಹೆಚ್ಚಿದಷ್ಟೂ ಹೀರುವ ಬಲವೂ ಹೆಚ್ಚುತ್ತದೆ. ಅದಕ್ಕೇ ಸುಮ್ನೆ ಎಂಜಿನ್ ಶಕ್ತಿ ಏರಿಸಿದರೆ ಏನೂ ಗಿಟ್ಟುವುದಿಲ್ಲ. ಸ್ಟೆಪ್‌ನ ಚೂಪು ಅಂಚು ನೀರನ್ನು ಅಲ್ಲೇ ಕತ್ತರಿಸುತ್ತದೆ. ಹಿಂದೆ ಗಾಳಿ ನುಗ್ಗುತ್ತದೆ, ಹಿಂಭಾಗ ಒಣಗುತ್ತದೆ. ಆಗ ದೋಣಿ ಮುಂಭಾಗದ ಹೊಟ್ಟೆಯ ಮೇಲಷ್ಟೇ ಜಾರುತ್ತದೆ. ಎಲಿವೇಟರ್, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಎಳೆದರೆ ಮೂತಿ ಎತ್ತಲು ಬಾಲಕ್ಕೆ ಕೆಳಗೆ ಜಾಗ ಇರುತ್ತದೆ. ಮೂತಿ ಎತ್ತಿದರೆ ತಾನೇ ರೆಕ್ಕೆ ಗಾಳಿ ಹಿಡಿಯುವುದು.

ಇದು ಪುಸ್ತಕದ ಲೆಕ್ಕದಿಂದ ಹುಟ್ಟಿದ್ದಲ್ಲ. 1912ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ಕ್ಯೂಕಾ ಸರೋವರದಲ್ಲಿ ತನ್ನ ಹಾರುದೋಣಿಯನ್ನು ಓಡಿಸಿದಾಗ ಅದೂ ನಿಮ್ಮದರ ಹಾಗೇ ಮೊಂಡು ಹಿಡಿಯಿತು. ವೇಗ ಬಂತು, ನೀರು ಬಿಡಲಿಲ್ಲ. ಹೊಟ್ಟೆಯಡಿ ಸ್ಟೆಪ್ ಕೂಡಿಸಿದ ಮೇಲೆ ಮೇಲೆದ್ದಿತು. ಆಮೇಲೆ ಬಂದ ಹೆಚ್ಚುಕಡಿಮೆ ಎಲ್ಲ ಹಾರುದೋಣಿಗಳಿಗೂ ಸ್ಟೆಪ್ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅವುಗಳ ಫೋಟೋ ಸಿಕ್ಕರೆ ಹೊಟ್ಟೆಯನ್ನು ನೋಡಿ. ಕರ್ಟಿಸ್ ಕಾಲದ ಸ್ಟೆಪ್ ಅಲ್ಲೂ ಇದೆ.

ಇನ್ನು ಮೂತಿ ಚುಚ್ಚುವ ವಿಷಯ. ಇದು ನೀವು ಕಟ್ಟಿದ್ದರಲ್ಲಿ ಬಂದ ದೋಷವಲ್ಲ. ಈ ವಂಶದಲ್ಲೇ ಇರುವ ಗುಣ. ಪ್ರೊಪೆಲ್ಲರ್‌ಗೆ ನೀರು ತಾಗಬಾರದು, ಹಾಗಾಗಿ ಎಂಜಿನ್‌ಗಳು ಎರಡು ರೆಕ್ಕೆಗಳ ನಡುವೆ ಎತ್ತರದಲ್ಲಿರುತ್ತವೆ. ಮೇಲಿನಿಂದ ಅವು ಮುಂದಕ್ಕೆ ತಳ್ಳುತ್ತವೆ, ಕೆಳಗೆ ನೀರು ಹಿಂದಕ್ಕೆ ಎಳೆಯುತ್ತದೆ. ಮೂತಿ ಕೆಳಗಿಳಿಯದೆ ಇನ್ನೇನಾಗಬೇಕು? ಅಟ್ಲಾಂಟಿಕ್ ದಾಟಲೆಂದು ಕರ್ಟಿಸ್ ಕಂಪನಿ 1914ರ ಜೂನ್‌ನಲ್ಲಿ ನೀರಿಗಿಳಿಸಿದ 'ಅಮೆರಿಕಾ' ಕೂಡ ಪೂರ್ತಿ ಶಕ್ತಿ ಕೊಟ್ಟಾಗ ಮೂತಿಯನ್ನು ನೀರಿಗೆ ಹಾಕುತ್ತಿತ್ತು. ಮೂತಿಯ ಎರಡೂ ಪಕ್ಕ ಅಗಲವಾದ ರೆಕ್ಕೆಯಂಥ ತಳಗಳನ್ನು ಕೂಡಿಸಿ ಅದನ್ನು ಸರಿಮಾಡಿದರು. ನಿಮ್ಮ ಎಫ್.2ಎ ಮುಂಭಾಗ ಎರಡೂ ಕಡೆ ಉಬ್ಬಿಕೊಂಡಿದೆಯಲ್ಲ, ಅದರ ಮೂಲ ಅಲ್ಲಿದೆ. ಆ ಉಬ್ಬನ್ನು ಅಂದಕ್ಕೆ ಅಂದುಕೊಂಡು ಸಣ್ಣದು ಮಾಡಿದ್ದರೆ ದಯವಿಟ್ಟು ನಕ್ಷೆಯ ಅಳತೆಗೆ ತನ್ನಿ.

'ಅಮೆರಿಕಾ'ವನ್ನು ಹಾರಿಸಬೇಕಿದ್ದವರು ಜಾನ್ ಸಿರಿಲ್ ಪೋರ್ಟ್. ಕ್ಷಯ ರೋಗದಿಂದಾಗಿ 1911ರಲ್ಲೇ ಬ್ರಿಟಿಷ್ ನೌಕಾಪಡೆ ಬಿಟ್ಟಿದ್ದವರು. ಯುದ್ಧ ಶುರುವಾಗುತ್ತಲೇ ಅಟ್ಲಾಂಟಿಕ್ ಕನಸು ಬಿಟ್ಟು ಊರಿಗೆ ಮರಳಿದರು, ನೌಕಾಪಡೆ ಕರ್ಟಿಸ್ ದೋಣಿಗಳನ್ನು ಕೊಳ್ಳುವಂತೆ ಮಾಡಿದರು. ಇಂಗ್ಲೆಂಡಿನ ಪೂರ್ವ ಕರಾವಳಿಯ ಫೆಲಿಕ್ಸ್‌ಸ್ಟೋ ನೆಲೆಯ ಹೊಣೆ ಹೊತ್ತ ಮೇಲೆ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಈ ದೋಣಿಗಳ ರೆಕ್ಕೆ ಚೆನ್ನಾಗಿದೆ, ಹೊಟ್ಟೆ ಮಾತ್ರ ಉತ್ತರ ಸಮುದ್ರದ ಅಲೆಗೆ ತಡೆಯುವುದಿಲ್ಲ. ಅವರು ಹೊಟ್ಟೆಯನ್ನೇ ಹೊಸದಾಗಿ ಕಟ್ಟಲು ಕೂತರು. ದೋಣಿ ಕಟ್ಟುವವರ ಹಳೇ ಪದ್ಧತಿ ಬಿಟ್ಟು, ವಿಮಾನದ ಒಡಲಿನ ಹಾಗೆ ಅಡ್ಡ ಕಟ್ಟುಗಳಿರುವ ಮರದ ಪೆಟ್ಟಿಗೆ ಮಾಡಿದರು. ಅದರ ಕೆಳಗೆ ವಿ ಆಕಾರದ ತಳ, ಪಕ್ಕಗಳಲ್ಲಿ ಉಬ್ಬು. ಸ್ಟೆಪ್ ಒಂದಿರಲೋ ಎರಡೋ ಮೂರೋ, ಎಲ್ಲಿರಬೇಕು, ಎಲ್ಲವನ್ನೂ ನಿಜವಾದ ದೋಣಿಯ ಮೇಲೆ, ನಿಜವಾದ ನೀರಿನಲ್ಲಿ ಮಾಡಿ ನೋಡಿದರು. ಆ ಹೊಟ್ಟೆಗೆ ಕರ್ಟಿಸ್ ಕಂಪನಿಯ ಎಚ್-12 ಹಾರುದೋಣಿಯ ರೆಕ್ಕೆ ಜೋಡಿಸಿದ್ದೇ ಎಫ್.2. ಅದು ತಿದ್ದಿಕೊಂಡು ಬಂದದ್ದು ನಿಮ್ಮ ಎಫ್.2ಎ. ಪೋರ್ಟ್ 1919ರಲ್ಲಿ, 35ರ ವಯಸ್ಸಿಗೇ ತೀರಿಕೊಂಡರು. ಅವರ ಹೆಸರು ನಿಮ್ಮ ಫಲಕದಲ್ಲಿ ಇಲ್ಲ. ಅದನ್ನು ಖಂಡಿತ ಸೇರಿಸಿ.

ಈಗ ನಿಮ್ಮ ಮಾಡೆಲ್. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೂಕ. ಅಸಲಿ ವಿಮಾನ ತುಂಬು ಹೊರೆಯಲ್ಲಿ ಸುಮಾರು 4,980 ಕಿಲೋ. ಅಳತೆ 12 ಪಟ್ಟು ಇಳಿದರೆ ತೂಕ 12ರ ಘನದಷ್ಟು, ಅಂದರೆ 1,728 ಪಟ್ಟು ಇಳಿಯಬೇಕು. 2.9 ಕಿಲೋ ಬರುತ್ತದೆ. ನಿಮ್ಮದು 4.6. ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಷ್ಟು ತೂಕ ಎತ್ತಲು ರೆಕ್ಕೆಗೆ ಕಾಲುಭಾಗ ಹೆಚ್ಚು ವೇಗ ಬೇಕು. ಅದಕ್ಕಿಂತ ಕೆಟ್ಟದ್ದು, ಹೊಟ್ಟೆ ನೀರಿನಲ್ಲಿ ಆಳವಾಗಿ ಕೂರುತ್ತದೆ. ಜಾರುವ ಹಂತ ತಲುಪುವ ಮೊದಲು ಪ್ರತಿ ಹಾರುದೋಣಿಯೂ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಎಳೆತ ಅತಿ ಹೆಚ್ಚು ಇರುವುದು ಅಲ್ಲೇ. ಭಾರದ ದೋಣಿ ಆ ಏರನ್ನೇ ಹತ್ತುವುದಿಲ್ಲ. 2.9ಕ್ಕೆ ಇಳಿಸುವುದು ಕಷ್ಟ ಅಂತ ನನಗೆ ಗೊತ್ತು. ಆದರೆ 3.8ರ ಹತ್ತಿರ ತಂದರೂ ವ್ಯತ್ಯಾಸ ಕಾಣುತ್ತೀರಿ. ಒಳಗೆ ಎಪಾಕ್ಸಿ ಎಷ್ಟು ಸುರಿದಿದ್ದೀರಿ, ಬ್ಯಾಟರಿ ಬೇಕಾದ್ದಕ್ಕಿಂತ ದೊಡ್ಡದೇ, ಇವನ್ನು ಮೊದಲು ನೋಡಿ. ನೀರಿನಿಂದ ತೆಗೆದ ಕೂಡಲೇ ಒಮ್ಮೆ, ಪೂರ್ತಿ ಒಣಗಿದ ಮೇಲೆ ಒಮ್ಮೆ ತೂಗಿ. ಎರಡಕ್ಕೂ ವ್ಯತ್ಯಾಸ ಬಂದರೆ ಮರ ನೀರು ಕುಡಿಯುತ್ತಿದೆ ಅಂತ ಅರ್ಥ. ಅಸಲಿ ಮರದ ದೋಣಿಗಳನ್ನು ನೀರಿನಲ್ಲೇ ಕಟ್ಟಿ ಬಿಟ್ಟಾಗಲೂ ಇದೇ ಕಾಟ ಇತ್ತು.

ಎರಡನೆಯದು ಸ್ಟೆಪ್‌ನ ಅಂಚು. ಎಪಾಕ್ಸಿ, ಪ್ರೈಮರ್, ಬಣ್ಣ ಅಂತ ಪದರದ ಮೇಲೆ ಪದರ ಬಂದಾಗ ಅಂಚು ದುಂಡಗಾಗುತ್ತದೆ. ದುಂಡಗಾದ ಅಂಚನ್ನು ನೀರು ಸಲೀಸಾಗಿ ಬಳಸಿಕೊಂಡು ಹೋಗಿ ಹಿಂಭಾಗಕ್ಕೆ ಅಂಟುತ್ತದೆ. ಸ್ಟೆಪ್ ಇದ್ದೂ ಇಲ್ಲದಂತೆ. ಬೆರಳಿನಿಂದ ಮುಟ್ಟಿ ನೋಡಿ. ಚುರುಕ್ಕೆನ್ನದಿದ್ದರೆ ಗಟ್ಟಿ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಅಂಚನ್ನು ನೇರ ಮಾಡಿ, ಇಲ್ಲವೇ ತೆಳು ಪ್ಲೈ ಪಟ್ಟಿ ಅಂಟಿಸಿ. ಮುಖ್ಯ ಸ್ಟೆಪ್‌ನ ಆಳ ಹೊಟ್ಟೆಯ ಅಗಲದ ನೂರಕ್ಕೆ 5ರಿಂದ 8 ಭಾಗ ಇದ್ದರೆ ಸಾಕು. ಅಗಲ 20 ಸೆಂಟಿಮೀಟರ್ ಆದರೆ ಆಳ 1ರಿಂದ 1.6 ಸೆಂಟಿಮೀಟರ್. ಇನ್ನೂ ಆಳ ಮಾಡಿದರೆ ನೀರು ಬೇಗ ಬಿಡುತ್ತದೆ ನಿಜ, ಆದರೆ ಹಾರುವಾಗಿನ ಎಳೆತ ಜಾಸ್ತಿಯಾಗುತ್ತದೆ. ಕೆಲವರು ಸ್ಟೆಪ್ ಹಿಂದೆ ಗಾಳಿ ಹೋಗಲು ಸಣ್ಣ ಕೊಳವೆ ಇಡುತ್ತಾರೆ. ಅದೂ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಗೆ ತೂತು ಕೊರೆಯುವ ಕೆಲಸ ಅದು. ಜೋಡಣೆ ಒಂದು ಕಡೆ ಬಿಟ್ಟರೂ ಒಳಗೆ ನೀರು. ನಾನಾಗಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

ಕುಪ್ಪಳಿಸುವುದಕ್ಕೆ ಎರಡು ಬಗೆ ಇದೆ. ಮೂತಿ ತೀರಾ ಕೆಳಗಿದ್ದು ಹೊಟ್ಟೆಯ ಮುಂಭಾಗವೆಲ್ಲ ನೀರು ಹಿಡಿದಾಗ ಒಂದು. ಮೂತಿ ತೀರಾ ಮೇಲಿದ್ದು ಸ್ಟೆಪ್ಪೂ ಹಿಂಭಾಗದ ತುದಿಯೂ ಸರದಿಯಲ್ಲಿ ನೀರಿಗೆ ಬಡಿಯುವಾಗ ಇನ್ನೊಂದು. ನಡುವೆ ಒಂದು ಸುರಕ್ಷಿತ ಕೋನ ಇದೆ. ನೀವು ಹೇಳಿದ ಲಕ್ಷಣ ಮೊದಲ ಬಗೆಯದು ಅನಿಸುತ್ತದೆ, ಏಕೆಂದರೆ ಶುರುವಿನಲ್ಲೇ ಮೂತಿ ಚುಚ್ಚುತ್ತಿದೆ. ಗುರುತ್ವ ಕೇಂದ್ರ, ನೀವು ಸಿಜಿ ಅನ್ನುತ್ತೀರಲ್ಲ, ಅದು ಸ್ಟೆಪ್‌ನ ನೇರ ಮೇಲೆ ಅಥವಾ ಸ್ವಲ್ಪ ಮುಂದೆ ಇರಬೇಕು. ಬ್ಯಾಟರಿಯನ್ನು ಮೂತಿಯೊಳಗೆ ತುರುಕಿದ್ದರೆ ಸಿಜಿ ಬಹಳ ಮುಂದೆ ಹೋಗಿರುತ್ತದೆ. ಹಿಂದೆ ತನ್ನಿ, ಆದರೆ ನಕ್ಷೆಯಲ್ಲಿ ಕೊಟ್ಟ ಹಾರಾಟದ ಮಿತಿಯ ಒಳಗೇ ತನ್ನಿ. ನೀರಿನಲ್ಲಿ ಚೆನ್ನಾಗಿ ಓಡಲಿ ಅಂತ ಸಿಜಿಯನ್ನು ಮಿತಿ ಮೀರಿ ಹಿಂದೆ ಸರಿಸಿದರೆ ಮೇಲೆದ್ದ ಮರುಕ್ಷಣ ಮೂತಿ ಎತ್ತಿ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಬೀಳುತ್ತದೆ. ತೊಯ್ದ ಮಾಡೆಲ್ ಒಣಗಿಸಬಹುದು, ಮುರಿದ ಒಡಲನ್ನು ಮೊದಲಿಂದ ಕಟ್ಟಬೇಕಾಗುತ್ತದೆ.

ಥ್ರಾಟಲ್ ಮೇಲೆ ಕೈ ನಿಧಾನ ಇರಲಿ. ಎಲಿವೇಟರ್ ಪೂರ್ತಿ ಎಳೆದು ಹಿಡಿದು ಮೆಲ್ಲಗೆ ಶಕ್ತಿ ಏರಿಸಿ. ದೋಣಿ ತನ್ನ ಅಲೆಯನ್ನು ಹತ್ತಿ ಜಾರಲು ಶುರು ಮಾಡಿದಾಗ ಎಲಿವೇಟರ್ ಸಡಿಲ ಬಿಡಿ. ಕುಪ್ಪಳಿಸತೊಡಗಿದರೆ ಸ್ಟಿಕ್‌ನಿಂದ ಅದರ ಹಿಂದೆ ಓಡಬೇಡಿ. ನಿಮ್ಮ ಕೈ ಯಾವಾಗಲೂ ಒಂದು ಗಳಿಗೆ ತಡ, ಅದೇ ಕುಪ್ಪಳಿಕೆಯನ್ನು ದೊಡ್ಡದು ಮಾಡುತ್ತದೆ. ಥ್ರಾಟಲ್ ಇಳಿಸಿ, ನಿಲ್ಲಿಸಿ, ಮತ್ತೆ ಶುರು ಮಾಡಿ. ಅಲೆಯ ಲೆಕ್ಕವನ್ನೂ ಮರೆಯಬೇಡಿ. ಕೆರೆಯ 10 ಸೆಂಟಿಮೀಟರ್ ಅಲೆ ನಿಮ್ಮ ಮಾಡೆಲ್‌ಗೆ 1.2 ಮೀಟರ್ ಅಲೆಯ ಸಮುದ್ರ. ಅಂಥ ನೀರಿನಲ್ಲಿ ಅಸಲಿ ಪೈಲಟ್‌ಗಳೂ ಎರಡು ಸಲ ಯೋಚಿಸುತ್ತಿದ್ದರು. ಬೆಳಗ್ಗೆ ಗಾಳಿ ಏಳುವ ಮುಂಚೆ ಹೋಗಿ. ಕನ್ನಡಿಯಂತೆ ನಿಂತ ನೀರೂ ಬೇಡ, ಅದು ಹೊಟ್ಟೆಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಸಣ್ಣ ತೆರೆ ಇದ್ದರೆ ಒಳ್ಳೆಯದು.

ಈ ಅಲೆಯ ಮಾತೇ ನಿಮ್ಮ ಫಲಕಕ್ಕೂ ಉತ್ತರ. "ಎಂಥ ಸಮುದ್ರದಲ್ಲೂ ಇಳಿಯಬಲ್ಲದು" ಅನ್ನುವುದು ತಪ್ಪು. 1917ರ ಸೆಪ್ಟೆಂಬರ್ 5ರಂದು ಗ್ರೇಟ್ ಯಾರ್ಮತ್ ನೆಲೆಯ ಎಚ್-12 ಹಾರುದೋಣಿ, ಸಂಖ್ಯೆ 8666, ಸಮುದ್ರಕ್ಕೆ ಬಿದ್ದ ಡಿಎಚ್4 ವಿಮಾನದ ಇಬ್ಬರನ್ನು ಕಾಪಾಡಲು ಒರಟು ನೀರಿನಲ್ಲಿ ಇಳಿಯಿತು. ರಾಬರ್ಟ್ ಲೆಕ್ಕಿ ಪೈಲಟ್. ಇಬ್ಬರನ್ನೂ ಹತ್ತಿಸಿಕೊಂಡರು. ಆದರೆ ಆರು ಜನ ಮತ್ತು ಪೆಟ್ಟು ತಿಂದು ಸೋರುವ ಹೊಟ್ಟೆ, ಮತ್ತೆ ಮೇಲೇಳಲು ಆಗಲೇ ಇಲ್ಲ. ನೀರು ತೋಡಿ ಚೆಲ್ಲುತ್ತಾ ಮೂರು ದಿನ ತೇಲಿದರು. ಜೊತೆಗಿದ್ದ ಪಾರಿವಾಳಗಳನ್ನು ಒಂದೊಂದಾಗಿ ಬಿಟ್ಟರು. ಅವುಗಳಲ್ಲಿ ಒಂದು ದಣಿದು ಸತ್ತು ದಡದಲ್ಲಿ ಸಿಕ್ಕಿತು. ಅದರ ಕಾಲಿನ ಚೀಟಿಯಿಂದಲೇ ಹುಡುಕಾಟಕ್ಕೆ ದಿಕ್ಕು ಸಿಕ್ಕಿ, ಹ್ಯಾಲ್ಸಿಯನ್ ಹಡಗು ಆರೂ ಜನರನ್ನು ಜೀವಂತ ತಂದಿತು. ಅಂದಮೇಲೆ ಆ ಹೊಟ್ಟೆ ಇದ್ದದ್ದು ಬಂದರಿನ ನೀರಿನಿಂದ ಏಳಲು, ಮರಳಿ ಅಲ್ಲೇ ಇಳಿಯಲು. ನಡು ಸಮುದ್ರದಲ್ಲಿ ಇಳಿಯುವುದು ಬೇರೆ ದಾರಿ ಇಲ್ಲದಾಗ. ಅದೂ ಆಗಾಗ ಬರುತ್ತಿತ್ತು, ಏಕೆಂದರೆ ಒಡಲಿನ ಟ್ಯಾಂಕಿನಿಂದ ಪೆಟ್ರೋಲ್ ಮೇಲೆತ್ತುವ, ಗಾಳಿಯಿಂದ ತಿರುಗುವ ಪಂಪುಗಳೂ ಕೊಳವೆಗಳೂ ಕೈಕೊಡುತ್ತಿದ್ದವು.

"ಹತ್ತಾರು ಸಬ್‌ಮರೀನ್" ಕೂಡ ತೆಗೆದುಹಾಕಿ. ಯುದ್ಧದ ಕಾಲದಲ್ಲಿ ಪೈಲಟ್‌ಗಳು ಮುಳುಗಿಸಿದೆವು ಅಂದದ್ದು ಬಹಳ. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಗಳ ಜೊತೆ ಹೋಲಿಸಿದಾಗ ಉಳಿದದ್ದು ಬೆರಳೆಣಿಕೆ. 1917ರ ಮೇ ತಿಂಗಳಲ್ಲಿ ಯುಸಿ-36 ಎಂಬ ಜರ್ಮನ್ ಸಬ್‌ಮರೀನ್ ಮುಳುಗಿಸಿದ ಖ್ಯಾತಿ ಬಹುಕಾಲ ಫೆಲಿಕ್ಸ್‌ಸ್ಟೋ ದೋಣಿಗೆ ಇತ್ತು, ಈಗ ಅದನ್ನು ಒಪ್ಪುವವರು ಕಡಿಮೆ. ಅದೇ ಸೆಪ್ಟೆಂಬರ್‌ನಲ್ಲಿ ಎಚ್-12 ಒಂದರ ಬಾಂಬಿಗೆ ಯುಬಿ-32 ಹೋಯಿತು ಅನ್ನುವುದಕ್ಕೆ ಬಲ ಜಾಸ್ತಿ. ಸಮುದ್ರದಲ್ಲಿ ವಿಮಾನದ ಬಾಂಬಿಗೆ ಮೊದಲು ಮುಳುಗಿದ ಸಬ್‌ಮರೀನ್ ಜರ್ಮನಿಯದೇ ಅಲ್ಲ, ಮುಳುಗಿಸಿದವರು ಬ್ರಿಟಿಷರೂ ಅಲ್ಲ. 1916ರ ಸೆಪ್ಟೆಂಬರ್ 15ರಂದು ಏಡ್ರಿಯಾಟಿಕ್ ಸಮುದ್ರದಲ್ಲಿ ಆಸ್ಟ್ರಿಯಾ-ಹಂಗೇರಿಯ ಎರಡು ಲೋನರ್ ಹಾರುದೋಣಿಗಳು ಫ್ರೆಂಚ್ ಸಬ್‌ಮರೀನ್ ಫೂಕೋವನ್ನು ಬಾಂಬ್ ಹಾಕಿ ಮುಳುಗಿಸಿದವು. ಆಮೇಲೆ ಅವೇ ನೀರಿಗಿಳಿದು, ಈಜುತ್ತಿದ್ದ ಶತ್ರುಗಳಿಗೆ ಆಸರೆ ಕೊಟ್ಟವು. ಫ್ರೆಂಚರಲ್ಲಿ ಒಬ್ಬರೂ ಸಾಯಲಿಲ್ಲ. ಈ ದೋಣಿಗಳ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ಇದು.

ಹಾಗಾದರೆ ಇವು ಕೆಲಸಕ್ಕೆ ಬರಲಿಲ್ಲವೇ? ಖಂಡಿತ ಬಂದವು, ಬೇರೆ ರೀತಿಯಲ್ಲಿ. ಆ ಕಾಲದ ಸಬ್‌ಮರೀನ್ ಹೆಚ್ಚು ಹೊತ್ತು ನೀರಿನ ಮೇಲೇ ಓಡುತ್ತಿತ್ತು. ಮುಳುಗಿದರೆ ಬ್ಯಾಟರಿಯೇ ಗತಿ. ವೇಗ ಕುಸಿಯುತ್ತಿತ್ತು, ದೂರವೂ ಕಡಿಮೆ. ಹಡಗನ್ನು ಬೆನ್ನಟ್ಟಲು ಆಗುತ್ತಿರಲಿಲ್ಲ. ಅದನ್ನು ಮುಳುಗಿಸದಿದ್ದರೂ ಚಿಂತೆಯಿಲ್ಲ, ಹೆದರಿಸಿ ನೀರಿನಡಿ ಇಟ್ಟರೆ ಅರ್ಧ ಕೆಲಸ ಆದಂತೆ. 1917ರ ಏಪ್ರಿಲ್‌ನಲ್ಲಿ ಫೆಲಿಕ್ಸ್‌ಸ್ಟೋದಿಂದ 'ಜೇಡರ ಬಲೆ' ಎಂಬ ಗಸ್ತು ಶುರುವಾಯಿತು. ನಾರ್ತ್ ಹಿಂಡರ್ ಎಂಬ ದೀಪದ ಹಡಗನ್ನು ನಡುವೆ ಇಟ್ಟುಕೊಂಡು ನಕ್ಷೆಯ ಮೇಲೆ 60 ನಾಟಿಕಲ್ ಮೈಲಿ ಅಗಲದ ಎಂಟು ಮೂಲೆಯ ಬಲೆ ಬರೆದರು. ನಡುವಿನಿಂದ 30 ಮೈಲಿ ಉದ್ದದ ಎಂಟು ಎಳೆ, ಅವುಗಳನ್ನು 10, 20, 30 ಮೈಲಿಗೆ ಕೂಡಿಸುವ ಅಡ್ಡ ಎಳೆ. ಸುಮಾರು 4,000 ಚದರ ಮೈಲಿ ಸಮುದ್ರ. ನೀರಿನ ಮೇಲೆ ಬರುವ ಸಬ್‌ಮರೀನ್‌ಗೆ ಆ ಬಲೆ ದಾಟಲು ಹತ್ತು ಗಂಟೆ ಬೇಕಿತ್ತು. ಒಂದು ಹಾರುದೋಣಿ ಐದು ಗಂಟೆಯೊಳಗೆ ಬಲೆಯ ಕಾಲುಭಾಗ ಹುಡುಕಿ ಮುಗಿಸುತ್ತಿತ್ತು. ಮೊದಲ 18 ದಿನಗಳಲ್ಲಿ 27 ಗಸ್ತು ಹೋದವು. 8 ಸಬ್‌ಮರೀನ್ ಕಂಡವು, 3ರ ಮೇಲೆ ಬಾಂಬ್ ಹಾಕಿದರು. ಕಂಡದ್ದಕ್ಕೂ ಹೊಡೆದದ್ದಕ್ಕೂ ಎಷ್ಟು ಅಂತರ ನೋಡಿ. ನಿಮ್ಮ ಎಫ್.2ಎ ಹೊತ್ತದ್ದೇ 104 ಕಿಲೋದ ಎರಡು ಬಾಂಬ್. ಗುರಿ ಸ್ವಲ್ಪ ತಪ್ಪಿದರೂ ಮುಗಿಯಿತು.

ಸಬ್‌ಮರೀನ್‌ಗಿಂತ ಖಚಿತ ಗೆಲುವು ಸಿಕ್ಕಿದ್ದು ಜೆಪ್ಪೆಲಿನ್ ಎಂಬ ಅನಿಲ ತುಂಬಿದ ದೊಡ್ಡ ವಾಯುನೌಕೆಗಳ ಮೇಲೆ. ಜರ್ಮನ್ ನೌಕಾಪಡೆಗೆ ಅವು ಆಕಾಶದ ಕಣ್ಣು. 1917ರ ಮೇ 14ರಂದು ಎಲ್22 ಅನ್ನು ಹೊಡೆದು ಉರುಳಿಸಿದ್ದು ಪಾರಿವಾಳದ ಕಥೆಯ ಅದೇ 8666. ಮುಂದಿನ ತಿಂಗಳು ಇನ್ನೊಂದು ಎಚ್-12 ಎಲ್43 ಅನ್ನು ಉರುಳಿಸಿತು. ಫಲಕದಲ್ಲಿ "ಸಬ್‌ಮರೀನ್ ಹುಡುಕುವ ಗಸ್ತು ವಿಮಾನ" ಅಂತ ಬರೆಯಿರಿ, ಜೇಡರ ಬಲೆಯ ಚಿತ್ರವನ್ನು ಮಗಳ ಕೈಲಿ ಬರೆಸಿ. ಮಕ್ಕಳು ಅದರ ಮುಂದೆ ಖಂಡಿತ ನಿಲ್ಲುತ್ತಾರೆ. ಎಚ್-12ರ ಸಾಧನೆಯನ್ನು ಎಫ್.2ಎ ಹೆಸರಿಗೆ ಹಾಕಬೇಡಿ. ಎಫ್.2ಎಗಳು ನೆಲೆಗಳಿಗೆ ಬಂದದ್ದೇ 1917ರ ಕೊನೆಯ ಹೊತ್ತಿಗೆ.

ಕೊನೆಗೆ ಬಣ್ಣ. ನೀವು ಅಂದುಕೊಂಡದ್ದಕ್ಕೆ ಸರಿ ಉಲ್ಟಾ. ಆ ಪಟ್ಟೆಗಳು ಕಾಣದಿರಲಿ ಅಂತ ಅಲ್ಲ, ಕಾಣಲಿ ಅಂತ. 1918ರ ಜೂನ್ 4ರಂದು ಹಾಲೆಂಡ್ ಕರಾವಳಿಯ ಬಳಿ ನಾಲ್ಕು ಎಫ್.2ಎ, ಒಂದು ಎಚ್-12 ಹೋಗಿದ್ದವು. ಒಂದು ಎಫ್.2ಎ ಪೆಟ್ರೋಲ್ ಕೊಳವೆ ಒಡೆದು ಕಾಳಗಕ್ಕೆ ಮುಂಚೆಯೇ ನೀರಿಗಿಳಿಯಿತು. ಉಳಿದವು 14 ಜರ್ಮನ್ ಸೀಪ್ಲೇನ್‌ಗಳ ಜೊತೆ ಹೊಡೆದಾಡಿದವು. ಅಂಥ ಗೊಂದಲದಲ್ಲಿ ನಮ್ಮದು ಯಾವುದು, ಯಾರು ಎಲ್ಲಿದ್ದಾರೆ ತಿಳಿಯುವುದು ಕಷ್ಟ. ಕೆಟ್ಟು ನೀರಿನ ಮೇಲೆ ಕೂತ ದೋಣಿಯನ್ನು ಮೇಲಿನಿಂದ ಹುಡುಕುವುದು ಇನ್ನೂ ಕಷ್ಟ. ಹಾಗಾಗಿ ದೋಣಿಗಳಿಗೆ ಪಟ್ಟೆ, ಚೌಕ, ಗೆರೆಗಳನ್ನು ಹೊಳೆಯುವ ಬಣ್ಣದಲ್ಲಿ ಬಳಿದುಕೊಂಡರು. ಕೆರೆಯ ಆಚೆ ದಡದ ಹತ್ತಿರ ಮಾಡೆಲ್ ತೇಲುವಾಗ ನಿಮಗೂ ಅದರ ಉಪಯೋಗ ಗೊತ್ತಾಗುತ್ತದೆ. ತೂಕ ಏರದ ಹಾಗೆ ತೆಳುವಾಗಿ ಹಚ್ಚಿ. ಹಚ್ಚುವ ಮುಂಚೆ ಎರಡೂ ಸ್ಟೆಪ್‌ಗಳ ಅಂಚಿಗೆ ಟೇಪ್ ಅಂಟಿಸಿ, ಬಣ್ಣ ಹಸಿ ಇರುವಾಗಲೇ ಟೇಪ್ ಕಿತ್ತುಬಿಡಿ. ಒಣಗಿದ ಮೇಲೆ ಅಂಚನ್ನು ಮತ್ತೊಮ್ಮೆ ಬೆರಳಿನಿಂದ ಮುಟ್ಟಿ ನೋಡಿಯೇ ಕೆರೆಗೆ ತೆಗೆದುಕೊಂಡು ಹೋಗಿ.